ಸೂಜಿ ಚುಚ್ಚಿದ್ರೆ ನೋವು ಹೋಗುತ್ತಾ?

ಹೋದ ಸೆಮಿಸ್ಟರ್‌ನಲ್ಲಿ ಒಂದು ಭಾನುವಾರ ನಮ್ಮ ರೂಮ್‌ಮೇಟ್‌ನ ಅಮ್ಮ ಸ್ಪೀಕರ್ ಫೋನಲ್ಲಿ ನಮ್ಮೆಲ್ಲರಿಗೂ ಒಂದು ಪ್ರಶ್ನೆ ಹಾಕಿದ್ರು. "ನೀವೆಲ್ಲ ಸೈನ್ಸ್ ಓದ್ತಿದ್ದೀರಲ್ಲಪ್ಪ, ಹೇಳಿ ನೋಡೋಣ. ಈ ಚೀನಾದ ಸೂಜಿ ಚಿಕಿತ್ಸೆ ನಿಜಾನಾ, ಸುಳ್ಳಾ?"

ಆಂಟಿಗೆ ನಾಲ್ಕು ವರ್ಷದಿಂದ ಸೊಂಟ ನೋವು. ಊರಲ್ಲಿ ಒಂದು ಅಕ್ಯುಪಂಕ್ಚರ್ ಕ್ಲಿನಿಕ್‌ಗೆ ಹೋಗಿ ಮೂರು ಸಲ ಸೂಜಿ ಹಾಕಿಸಿಕೊಂಡಿದ್ರು. ನೋವು ಸ್ವಲ್ಪ ಕಡಿಮೆ ಆಗಿತ್ತು. ಆದ್ರೆ ಅಲ್ಲಿಯವರು ಇನ್ನೊಂದು ಮಾತು ಹೇಳಿದ್ರಂತೆ: "ಶುಗರ್ ಮಾತ್ರೆನೂ ನಿಲ್ಲಿಸಿ, ಅದಕ್ಕೂ ಪಾಯಿಂಟ್ ಇದೆ."

ನಮ್ಮಲ್ಲಿ ಒಬ್ಬ "ಎಲ್ಲಾ ಬೋಗಸ್ ಆಂಟಿ" ಅಂದ. ಇನ್ನೊಬ್ಬ "ಎರಡು ಸಾವಿರ ವರ್ಷದಿಂದ ಇದೆ, ಸುಳ್ಳು ಹೇಗಾಗುತ್ತೆ?" ಅಂದ. ಇಬ್ಬರ ಹತ್ರನೂ ಆಧಾರ ಇರಲಿಲ್ಲ. ಒಂದು ವಾರ ಟೈಮ್ ಕೇಳಿಕೊಂಡು ಓದೋಕೆ ಕೂತ್ವಿ. ಓದಿ ತಿಳಿದುಕೊಂಡಿದ್ದು ಇಷ್ಟು.

ಮೂಲ ಕಲ್ಪನೆ ಏನು?

ಚೀನೀ ವೈದ್ಯದ ಮೂಲ ಗ್ರಂಥ 'ಹುವಾಂಗ್‌ಡಿ ನೇಜಿಂಗ್' ಸುಮಾರು ಎರಡು ಸಾವಿರ ವರ್ಷ ಹಳೆಯದು. ಈ ವೈದ್ಯದ ಪ್ರಕಾರ ದೇಹದಲ್ಲಿ 'ಚಿ' ಅನ್ನೋ ಜೀವಶಕ್ತಿ ಕೆಲವು ದಾರಿಗಳಲ್ಲಿ ಹರಿಯುತ್ತೆ. ನಾವು ಯೋಗದಲ್ಲಿ ಪ್ರಾಣ, ನಾಡಿ ಅಂತೀವಲ್ಲ, ಹೆಚ್ಚುಕಮ್ಮಿ ಹಾಗೆ. ಹರಿವು ಎಲ್ಲಾದ್ರೂ ತಡೆದರೆ ಕಾಯಿಲೆ. ಆ ದಾರಿಯ ಮೇಲಿರೋ ಬಿಂದುವಿಗೆ ಸೂಜಿ ಹಾಕಿದ್ರೆ ಹರಿವು ಸರಿಹೋಗುತ್ತೆ ಅನ್ನೋದು ನಂಬಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇಂಥ 361 ಬಿಂದುಗಳಿವೆ.

ಸೂಜಿ ಇಂಜೆಕ್ಷನ್ ಸೂಜಿ ಥರ ಟೊಳ್ಳಲ್ಲ. ಸಾಮಾನ್ಯವಾಗಿ 0.25 ಮಿಲಿಮೀಟರ್ ಆಸುಪಾಸು ದಪ್ಪ. ಅದಕ್ಕೇ ಅಷ್ಟಾಗಿ ನೋವಾಗಲ್ಲ.

ಒಂದು ತೊಂದರೆ ಇದೆ. ದೇಹವನ್ನ ಕೊಯ್ದು ನೋಡಿದ್ರೆ ನರ ಸಿಗುತ್ತೆ, ರಕ್ತನಾಳ ಸಿಗುತ್ತೆ. 'ಚಿ' ಹರಿಯೋ ದಾರಿ ಸಿಗಲ್ಲ. ಹಾಗಂತ ಚಿಕಿತ್ಸೆಯಿಂದ ಏನೂ ಆಗಲ್ಲ ಅಂತ ತೀರ್ಮಾನ ಮಾಡೋಕಾಗಲ್ಲ. ವಿವರಣೆ ತಪ್ಪಿದ್ರೂ ಫಲಿತಾಂಶ ಇರಬಹುದು. ಅದನ್ನ ಟೆಸ್ಟ್ ಮಾಡಿಯೇ ನೋಡಬೇಕು.

ಟೆಸ್ಟ್ ಮಾಡೋದು ಹೇಗೆ?

ಮಾತ್ರೆ ಆದ್ರೆ ಸುಲಭ. ಅರ್ಧ ಜನಕ್ಕೆ ಔಷಧಿ, ಇನ್ನರ್ಧ ಜನಕ್ಕೆ ಅದೇ ಥರ ಕಾಣೋ ಸಕ್ಕರೆ ಗುಳಿಗೆ. ಸೂಜಿ ಚುಚ್ಚಿದ್ದು ಮಾತ್ರ ಯಾರಿಗಾದ್ರೂ ಗೊತ್ತಾಗುತ್ತಲ್ಲ? ಇದಕ್ಕೆ ಹುಡುಕಿದ ಉಪಾಯ ನಮಗೆ ತುಂಬಾ ಇಷ್ಟ ಆಯ್ತು. 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ಅನ್ನೋರು ಮೊಂಡು ತುದಿಯ ಒಂದು ಸೂಜಿಯನ್ನ ಪ್ರಕಟಿಸಿದ್ರು. ಒತ್ತಿದ್ರೆ ಅದು ಚರ್ಮದೊಳಗೆ ಹೋಗಲ್ಲ, ನಾಟಕದ ಚಾಕು ಥರ ತನ್ನ ಹಿಡಿಯೊಳಗೇ ಸರಿಯುತ್ತೆ. ರೋಗಿಗೆ ಮಾತ್ರ ಚುಚ್ಚಿದ ಹಾಗೇ ಅನ್ನಿಸುತ್ತೆ. ಇನ್ನು ಕೆಲವು ಪ್ರಯೋಗಗಳಲ್ಲಿ ಬೇಕಂತಲೇ ಬಿಂದು ಅಲ್ಲದ ಜಾಗದಲ್ಲಿ, ಮೇಲೆ ಮೇಲೆ ಚುಚ್ಚುತ್ತಾರೆ.

ಆಂಟಿಯ ಸೊಂಟ ನೋವಿಗೆ ನೇರವಾಗಿ ಸಂಬಂಧಪಟ್ಟ ಒಂದು ದೊಡ್ಡ ಪ್ರಯೋಗ ಜರ್ಮನಿಯಲ್ಲೇ ನಡೆದು 2007ರಲ್ಲಿ ಪ್ರಕಟವಾಯ್ತು. ಒಟ್ಟು 1,162 ರೋಗಿಗಳು, ಮೂರು ಗುಂಪು. ಆರು ತಿಂಗಳ ನಂತರ ಸುಧಾರಿಸಿದವರು:

- ಸರಿಯಾದ ಬಿಂದುವಿಗೆ ಸೂಜಿ: ಶೇ. 47.6
- ತಪ್ಪು ಜಾಗದಲ್ಲಿ ಮೇಲೆ ಮೇಲೆ ಸೂಜಿ: ಶೇ. 44.2
- ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ: ಶೇ. 27.4

ಈ ಮೂರು ಸಂಖ್ಯೆ ನೋಡಿ ನಮ್ಮ ರೂಮಲ್ಲಿ ಜಗಳಾನೇ ಆಯ್ತು. "ನೋಡು, ಮಾತ್ರೆಗಿಂತ ಸೂಜಿ ಮೇಲು" ಅಂದ ಒಬ್ಬ. "ಎಲ್ಲಿ ಚುಚ್ಚಿದ್ರೂ ಒಂದೇ ಅಂದ್ಮೇಲೆ ಬಿಂದು ಯಾಕೆ ಬೇಕು?" ಅಂದ ಇನ್ನೊಬ್ಬ. ಇಬ್ಬರೂ ಸರಿ! ರೋಗಿಗಳಿಗೆ ಆರಾಮ ಆಗಿದ್ದು ನಿಜ. ಆದ್ರೆ ಅದು ಬಿಂದುವಿನಿಂದ ಆಗಿದ್ದು ಅಂತ ಈ ಪ್ರಯೋಗ ತೋರಿಸಲ್ಲ. ಸೂಜಿ ತಾಗಿದ್ದು, ಯಾರೋ ಅರ್ಧ ಗಂಟೆ ಗಮನ ಕೊಟ್ಟಿದ್ದು, ವಾಸಿಯಾಗುತ್ತೆ ಅನ್ನೋ ನಿರೀಕ್ಷೆ, ಇವೆಲ್ಲ ಸೇರಿರಬಹುದು.

ಬೇರೆ ಕಾಯಿಲೆಗಳಿಗೆ?

ಮೈಗ್ರೇನ್ ಪದೇ ಪದೇ ಬರೋದನ್ನ ಅಕ್ಯುಪಂಕ್ಚರ್ ಕಡಿಮೆ ಮಾಡುತ್ತೆ ಅಂತ 2016ರ ಕಾಕ್ರೇನ್ ವಿಮರ್ಶೆ ಹೇಳುತ್ತೆ. ಸುಳ್ಳು ಸೂಜಿಗಿಂತ ವ್ಯತ್ಯಾಸ ಇದೆ, ಆದ್ರೆ ಸಣ್ಣದು. ಆಪರೇಷನ್ ಆದ್ಮೇಲೆ ಬರೋ ವಾಂತಿಗೆ ಮಣಿಕಟ್ಟಿನ ಒಳಭಾಗದಲ್ಲಿರೋ 'ನೇಗ್ವಾನ್' ಬಿಂದುವನ್ನ ಒತ್ತಿದ್ರೂ ಚುಚ್ಚಿದ್ರೂ ಉಪಯೋಗ ಇದೆ ಅಂತ ಹಲವು ಪ್ರಯೋಗಗಳು ತೋರಿಸಿವೆ. ಶುಗರ್ ಮಾತ್ರೆಯ ಬದಲು ಸೂಜಿ ಸಾಕು ಅನ್ನೋದಕ್ಕೆ ಮಾತ್ರ ಆಧಾರ ಇಲ್ಲ.

ಗಿಡಮೂಲಿಕೆಯ ಕಥೆ

ಚೀನೀ ವೈದ್ಯ ಅಂದ್ರೆ ಬರೀ ಸೂಜಿ ಅಲ್ಲ, ಗಿಡಮೂಲಿಕೆಗಳೂ ಇವೆ. ಅದರಲ್ಲಿ ನಮಗೆ ಸಿಕ್ಕ ಹೀರೋ ತು ಯೂಯೂ. 1967ರಲ್ಲಿ ಚೀನಾ ಸರ್ಕಾರ ಮಲೇರಿಯಾಗೆ ಔಷಧಿ ಹುಡುಕೋಕೆ ಗುಟ್ಟಾಗಿ ಒಂದು ಯೋಜನೆ ಶುರು ಮಾಡ್ತು. ಇವರ ತಂಡ ಸುಮಾರು 200 ಗಿಡಗಳಿಂದ 380ಕ್ಕೂ ಹೆಚ್ಚು ಸಾರ ತೆಗೆದು ಇಲಿಗಳ ಮೇಲೆ ಪರೀಕ್ಷೆ ಮಾಡ್ತು. 'ಚಿಂಗ್‌ಹಾವ್' ಗಿಡ ಒಮ್ಮೆ ಕೆಲಸ ಮಾಡಿದ್ರೆ ಇನ್ನೊಮ್ಮೆ ಕೈಕೊಡ್ತಿತ್ತು. ಆಗ ತು, ನಾಲ್ಕನೇ ಶತಮಾನದ ಗೆ ಹೊಂಗ್‌ನ ಪುಸ್ತಕ ತೆಗೆದ್ರು. ಅದರಲ್ಲಿ ಗಿಡವನ್ನ ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಅಂತಿತ್ತು, ಕುದಿಸಿ ಅಂತಿರಲಿಲ್ಲ. ಬಿಸಿಗೆ ಔಷಧಿ ಹಾಳಾಗ್ತಿದೆಯೇನೋ ಅಂತ ಹೊಳೆದು, ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದ್ರು. ಅದೇ ಆರ್ಟೆಮಿಸಿನಿನ್. 2015ರಲ್ಲಿ ನೊಬೆಲ್ ಬಂತು. ಅಂದಹಾಗೆ ನಮ್ಮ ಹೂವಿನ ಅಂಗಡಿಯ ದವನ ಇದೇ ಆರ್ಟೆಮಿಸಿಯಾ ಕುಲದ ಗಿಡ! (ದವನ ತಿಂದ್ರೆ ಮಲೇರಿಯಾ ಹೋಗುತ್ತೆ ಅಂತ ನಾವು ಹೇಳ್ತಿಲ್ಲ.)

ಇದಕ್ಕೆ ಉಲ್ಟಾ ಕಥೆನೂ ಇದೆ. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸೋಕೆ ಚೀನೀ ಮೂಲಿಕೆ ತಗೊಂಡ ಅನೇಕ ಹೆಂಗಸರ ಕಿಡ್ನಿ ಹಾಳಾಯ್ತು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲ ಕಾರಣ. ಹಳೇದು ಅಂದ ಮಾತ್ರಕ್ಕೆ ಸುಳ್ಳೂ ಅಲ್ಲ, ಗಿಡ ಅಂದ ಮಾತ್ರಕ್ಕೆ ಸುರಕ್ಷಿತವೂ ಅಲ್ಲ.

ಕೊನೆಗೆ ಆಂಟಿಗೆ ಏನಂದ್ವಿ?

ಮುಂದಿನ ಭಾನುವಾರ ನಾವೇ ಫೋನ್ ಮಾಡಿದ್ವಿ. "ಆಂಟಿ, ನಾವು ಡಾಕ್ಟರ್ ಅಲ್ಲ. ಸೊಂಟಕ್ಕೆ ಸೂಜಿಯಿಂದ ಆರಾಮ ಅನ್ನಿಸ್ತಿದ್ರೆ ಹಾಕಿಸ್ಕೊಳ್ಳಿ, ಪ್ರತಿ ಸಲ ಹೊಸ ಸೂಜಿ ಪ್ಯಾಕೆಟ್ ಒಡೀತಾರಾ ನೋಡಿ. ಶುಗರ್ ಮಾತ್ರೆ ಮಾತ್ರ ನಿಮ್ಮ ಡಾಕ್ಟರ್ ಹೇಳದೇ ಬಿಡಬೇಡಿ" ಅಂದ್ವಿ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ್ರು: "ನಾಲ್ಕು ದಿನ ಆಗಿತ್ತಪ್ಪ ಬಿಟ್ಟು. ನಾಳೆ ಬೆಳಿಗ್ಗೆನೇ ಡಾಕ್ಟರ್ ಹತ್ರ ಹೋಗ್ತೀನಿ."

'ಬೋಗಸ್' ಅಂತ ನಕ್ಕು ಫೋನ್ ಇಟ್ಟಿದ್ರೆ ಈ ನಾಲ್ಕು ದಿನದ ವಿಷಯ ನಮಗೆ ಗೊತ್ತೇ ಆಗ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಯಾರಾದ್ರೂ ಇಂಥ ಪ್ರಶ್ನೆ ಕೇಳಿದ್ರೆ ಒಂದು ವಾರ ಟೈಮ್ ತಗೊಂಡು ಓದಿ, ಆಮೇಲೆ ಉತ್ತರ ಹೇಳಿ. ಮಾತ್ರೆ ಬಿಟ್ಟಿದ್ದೀರಾ ಅನ್ನೋದನ್ನ ಮಾತ್ರ ಅವತ್ತೇ ಕೇಳಿ. ನಾವು ಅದನ್ನ ಮರೆತಿದ್ವಿ.