ಆಟಿ ಅಮಾವಾಸ್ಯೆಯ ಕಷಾಯ: ಮಾಡಬೇಕಾದ್ದು, ಮಾಡಬಾರದ್ದು

ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆ ಮರದ ಕೆತ್ತೆ ತರಲು ಹೊರಡುವವರೆಲ್ಲ ಇದನ್ನು ಹಿಂದಿನ ದಿನವೇ ಓದಿಕೊಳ್ಳಬೇಕು. ಹಾಲೆ ಎಂದುಕೊಂಡು ಕಾಸರಕದ ಕೆತ್ತೆ ತಂದು, ಅರೆದು ಕುಡಿದು ಆಸ್ಪತ್ರೆ ಸೇರಿದವರೂ ಜೀವ ಕಳೆದುಕೊಂಡವರೂ ನಮ್ಮ ಕರಾವಳಿಯಲ್ಲೇ ಇದ್ದಾರೆ. ಎರಡೂ ಮರ ಒಂದೇ ಗುಡ್ಡದಲ್ಲಿ ಬೆಳೆಯುತ್ತವೆ. ಕತ್ತಲಲ್ಲಿ ಎರಡರ ಬುಡವೂ ಒಂದೇ ಥರ ಕಾಣುತ್ತದೆ.

ಮರವನ್ನು ಹಗಲಿನಲ್ಲೇ ಗುರುತಿಸಿ ಬನ್ನಿ. ಹಿರಿಯರು ಮುನ್ನಾದಿನ ಹೋಗಿ ಮರಕ್ಕೆ ನೂಲು ಕಟ್ಟಿ ಬರುತ್ತಿದ್ದರು. ಆ ಪದ್ಧತಿಯನ್ನು ಬಿಡಬೇಡಿ. ಕಾಂಡ ನೋಡಿ ತೀರ್ಮಾನಿಸಕೂಡದು, ತಲೆ ಎತ್ತಿ ಎಲೆ ನೋಡಬೇಕು. ಹಾಲೆಯಲ್ಲಿ ಒಂದೇ ಗೆಣ್ಣಿನಿಂದ ನಾಲ್ಕರಿಂದ ಎಂಟು ಎಲೆ, ಹೆಚ್ಚಾಗಿ ಏಳು, ಸುತ್ತಲೂ ಚಕ್ರದಂತೆ ಹೊರಡುತ್ತವೆ. ಸಪ್ತಪರ್ಣ ಎಂಬ ಹೆಸರು ಬಂದದ್ದೇ ಅದರಿಂದ. ಕಾಸರಕದಲ್ಲಿ ಎಲೆಗಳು ಎದುರುಬದುರು ಎರಡೆರಡೇ. ಎಲೆಯ ಬುಡದಿಂದಲೇ ಮೂರೋ ಐದೋ ನರಗಳು ತುದಿಯ ಕಡೆಗೆ ಎದ್ದು ಕಾಣುವಂತೆ ಓಡುತ್ತವೆ.

ಎರಡನೆಯ ಗುರುತು ಹಾಲು. ಹಾಲೆಯ ಕೆತ್ತೆಗೆ ಏಟು ಬಿದ್ದರೆ ಬಿಳಿ ಹಾಲು ಒಸರುತ್ತದೆ, ಕಾಸರಕದಲ್ಲಿ ಹಾಲಿಲ್ಲ. ನನ್ನ ಅಜ್ಜ ಕಲ್ಲಿನಿಂದ ಒಂದೇ ಏಟು ಹಾಕಿ, ನನ್ನಿಂದ ಟಾರ್ಚ್ ಹಿಡಿಸಿ, ಹಾಲು ಕಲ್ಲಿನ ಅಂಚಿಗೆ ಅಂಟಿದ್ದನ್ನು ಬೆರಳಿಂದ ಮುಟ್ಟಿ ನೋಡಿದ ಮೇಲೆಯೇ ಎರಡನೆಯ ಏಟು ಹಾಕುತ್ತಿದ್ದರು. ಆದರೆ ಹಾಲೊಂದನ್ನೇ ನಂಬಬಾರದು, ಹಾಲು ಸುರಿಸುವ ವಿಷದ ಗಿಡಗಳೂ ಇವೆ. ಎಲೆ, ಹಾಲು ಎರಡೂ ಕೂಡಿ ಬರಬೇಕು. ನಾಲಿಗೆಗೆ ತಾಗಿಸಿ ನೋಡುವ ಪರೀಕ್ಷೆಯಂತೂ ಬೇಡವೇ ಬೇಡ. ಎರಡೂ ಕಹಿಯೇ.

ತುಸು ಸಂಶಯ ಬಂದರೂ ಬರಿಗೈಯಲ್ಲಿ ಮನೆಗೆ ಬನ್ನಿ. ಒಂದು ವರ್ಷ ಕಷಾಯ ಕುಡಿಯದಿದ್ದರೆ ಯಾವ ದೋಷವೂ ಇಲ್ಲ.

ಕಾಸರಕವೂ ಆಯುರ್ವೇದದಲ್ಲಿ ಮದ್ದೇ ಅಲ್ಲವೇ ಎಂದು ವಾದಿಸುವವರಿದ್ದಾರೆ. ಹೌದು, ಅದರ ಬೀಜವನ್ನು ಗೋಮೂತ್ರ, ಹಾಲು, ತುಪ್ಪದಲ್ಲಿ ಶುದ್ಧಿ ಮಾಡಿ, ಅಳತೆಯಿಟ್ಟು ಬಳಸುತ್ತಾರೆ. ಆದರೂ ಕಾನೂನು ಅದನ್ನು ವಿಷದ ದ್ರವ್ಯಗಳ ಪಟ್ಟಿಯಲ್ಲೇ ಇಟ್ಟಿದೆ. ಅದರಲ್ಲಿರುವ ಸ್ಟ್ರಿಕ್ನಿನ್ ಎಂಬ ವಿಷವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞರು 1818ರಲ್ಲೇ ಬೇರ್ಪಡಿಸಿ ತೋರಿಸಿದರು. ಅದು ಕೆತ್ತೆಯಲ್ಲೂ ಇದೆ. ಮನೆಯ ಅರೆಯುವ ಕಲ್ಲಿನಲ್ಲಿ ಅದು ಶುದ್ಧಿಯಾಗುವುದಿಲ್ಲ. ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕಿದರೂ ಅಷ್ಟೇ, ಕಾಯಿಸಿದ ಬೆಣಚು ಕಲ್ಲಿನ ಒಗ್ಗರಣೆ ಕೊಟ್ಟರೂ ಅಷ್ಟೇ.

ಸಂಘದವರು ಊರಿಗೆಲ್ಲ ಕಷಾಯ ಹಂಚುವುದಾದರೆ, ಮರ ಬಲ್ಲ ಒಬ್ಬರು ಪ್ರತಿ ಮರದ ಎದುರೂ ಸ್ವತಃ ನಿಂತಿರಬೇಕು. ಯಾರೋ ತಂದಿಟ್ಟ ಕೆತ್ತೆಯ ಚೀಲವನ್ನು ರಾಶಿಗೆ ಸೇರಿಸಬಾರದು. ಪೇಟೆಯಲ್ಲಿ ಕೆತ್ತೆಯನ್ನೋ ಬಾಟಲಿಯಲ್ಲಿ ತುಂಬಿದ ಕಷಾಯವನ್ನೋ ಕೊಳ್ಳಬೇಡಿ. ಎಲೆಯಿಂದ ಬೇರ್ಪಟ್ಟ ಕೆತ್ತೆಯನ್ನು ಗುರುತಿಸುವುದು ನಿಮಗೂ ಸಾಧ್ಯವಿಲ್ಲ, ಮಾರುವವರಿಗೂ ಕಷ್ಟ.

ಕಷಾಯದ ಪ್ರಮಾಣ ಸಣ್ಣದಿರಲಿ, ಮೇಲಿಂದ ಮೆಂತೆ ಗಂಜಿ ಉಣ್ಣಿ. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಪುಟ್ಟ ಮಕ್ಕಳಿಗೆ ಕೊಡಬೇಡಿ. ಬಿ.ಪಿ., ಶುಗರ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಬೇಕು, ಕಷಾಯ ಕುಡಿದೆನೆಂದು ಆ ದಿನದ ಮಾತ್ರೆ ಬಿಡಬಾರದು.

ಹಾಲೆಯ ಮೇಲೆ ನನಗೆ ಗೌರವವಿದೆ. ಮಲೇರಿಯಾಕ್ಕೆಂದು ರೂಪಿಸಿದ ಆಯುಷ್-64 ಮಾತ್ರೆಯಲ್ಲೂ ಸಪ್ತಪರ್ಣವಿದೆ. ಹಾಗೆಂದು ಒಂದು ಲೋಟ ಕಷಾಯ ವರ್ಷವಿಡೀ ಕಾಯುತ್ತದೆ ಎಂದುಕೊಂಡು ಮಳೆಗಾಲದ ಜ್ವರವನ್ನು ಮನೆಯಲ್ಲಿಟ್ಟುಕೊಳ್ಳಬೇಡಿ. ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ. ಕೆತ್ತೆ ತೆಗೆಯುವಾಗ ಕಾಂಡದ ಸುತ್ತಲೂ ಸುಲಿಯಬೇಡಿ, ಮರ ಸಾಯುತ್ತದೆ. ಒಂದು ಬದಿಯಲ್ಲಿ ಅಂಗೈಯಗಲ ಸಾಕು.

ಕುಡಿದ ಹದಿನೈದು ನಿಮಿಷದಿಂದ ಗಂಟೆಯೊಳಗೆ ಕುತ್ತಿಗೆ ಬಿಗಿದರೆ, ದವಡೆ ಸೆಟೆದರೆ, ಸಣ್ಣ ಸದ್ದಿಗೂ ಮೈ ಬೆಚ್ಚಿದರೆ, ಅದನ್ನು ‘ಉಷ್ಣ’ ಎಂದು ತಳ್ಳಿಹಾಕಬೇಡಿ. ಆ ಹೊತ್ತಿನಲ್ಲಿ ಮಜ್ಜಿಗೆ, ನಿಂಬೆರಸ ಕುಡಿಸಬಾರದು, ಬಲವಂತವಾಗಿ ವಾಂತಿಯನ್ನೂ ಮಾಡಿಸಬಾರದು. ಸುತ್ತ ಜನ ಸೇರಿ ಕೂಗಾಡಬೇಡಿ, ಮೈ ಉಜ್ಜಬೇಡಿ. ಸದ್ದು, ಸ್ಪರ್ಶದಿಂದಲೇ ಸೆಳವು ಹೆಚ್ಚುತ್ತದೆ. ಈ ವಿಷಕ್ಕೆ ಪ್ರತಿವಿಷವಿಲ್ಲ, ಸೆಳವು ತಡೆದು ಉಸಿರಾಟಕ್ಕೆ ಆಸರೆ ಕೊಡುವುದೇ ಚಿಕಿತ್ಸೆ, ಅದು ಆಸ್ಪತ್ರೆಯಲ್ಲಿ ಮಾತ್ರ ಸಾಧ್ಯ. ತಕ್ಷಣ 108ಕ್ಕೆ ಕರೆ ಮಾಡಿ. ಅದೇ ಕಷಾಯ ಕುಡಿದ ಉಳಿದವರನ್ನೂ ಜೊತೆಗೆ ಕರೆದೊಯ್ಯಿರಿ. ಅರೆಯದೆ ಉಳಿದ ಕೆತ್ತೆಯ ಚೂರೊಂದು ಕೈಯಲ್ಲಿರಲಿ, ವೈದ್ಯರಿಗೆ ತೋರಿಸಬೇಕು.