ಮನಿ ಪ್ಲಾಂಟ್ ಬಳ್ಳಿ

ಮನಿ ಪ್ಲಾಂಟ್ ಅಂದ್ರೆ ನಮಗೆಲ್ಲ ಇಷ್ಟ. ನಮ್ಮ ಮನೆಗಳಲ್ಲಿ ಇದು ಹೂ ಬಿಡೋದಿಲ್ಲ. ಎಲೆಯೇ ಇದರ ಚಂದ. ಪೆಸಿಫಿಕ್ ಸಾಗರದ ಒಂದು ದ್ವೀಪ ಇದರ ತವರು. ಕದ್ದು ತಂದು ನೆಟ್ಟರೆ ದುಡ್ಡು ಬರುತ್ತೆ ಅಂತಾರೆ. ಹಾಗೇನೂ ಇಲ್ಲ. ಕೇಳಿದ್ರೆ ಯಾರು ತಾನೇ ಒಂದು ತುಂಡು ಕೊಡಲ್ಲ?

ಬಳ್ಳಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ. ಬೇರು ಬರುವುದು ಗೆಣ್ಣಿನಲ್ಲೇ. ಹಳೆ ಡಬ್ಬದಲ್ಲಿ ನೆಟ್ಟರೂ ಆದೀತು. ತಳದಲ್ಲಿ ತೂತು ಇರಲಿ. ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ. ಬಿರುಬಿಸಿಲಿಗೆ ಎಲೆ ಸುಡುತ್ತದೆ. ಜಗಲಿಯ ನೆರಳು ಒಳ್ಳೆಯದು. ಮೇಲಿನ ಮಣ್ಣು ಒಣಗಿದ ಮೇಲೆ ನೀರು ಹಾಕಿ. ದಿನಾ ಸುರಿದರೆ ಬೇರು ಕೊಳೆಯುತ್ತದೆ.

ನಮ್ಮಲ್ಲಿ ಕೆಲವರು ಬಾಟಲಿ ನೀರಿನಲ್ಲಿ ಬಳ್ಳಿ ಇಡುತ್ತೇವೆ. ನೋಡಲು ಚಂದವೇ. ಆದರೆ ಡೆಂಗಿ ಜ್ವರ ಹರಡುವ ಸೊಳ್ಳೆ ಇಂಥ ನೀರಿರುವ ಕಡೆಯೇ ಮೊಟ್ಟೆ ಇಡುತ್ತದೆ. ಇದು ಹಗಲು ಕಚ್ಚುವ ಸೊಳ್ಳೆ. ಮೊಟ್ಟೆ ಒಡೆದು ಸೊಳ್ಳೆಯಾಗಲು 8-10 ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ನೀರು ಬದಲಿಸಬೇಕು. ಬರೀ ನೀರು ಚೆಲ್ಲಿದ್ರೆ ಸಾಲದು. ಮೊಟ್ಟೆ ಬಾಟಲಿಯ ಒಳಮೈಗೆ ಅಂಟಿರುತ್ತದೆ. ಕಡ್ಡಿಗೆ ಬಟ್ಟೆ ಸುತ್ತಿ, ಒಳಗೆಲ್ಲ ಉಜ್ಜಿ ತೊಳೆಯಿರಿ. ಬಾಟಲಿಯ ಬಾಯಿಗೆ ಹತ್ತಿ ತುರುಕಿ. ಕುಂಡದ ಕೆಳಗಿನ ತಟ್ಟೆಯಲ್ಲೂ ನೀರು ನಿಲ್ಲಬಾರದು.

ಇನ್ನೊಂದು ಮಾತು. ಇದು ನಮ್ಮ ಕೆಸುವಿನ ಜಾತಿ. ಹಸಿ ಕೆಸು ತಿಂದ್ರೆ ಬಾಯಿ ತುರಿಸಲ್ವಾ? ಇದೂ ಹಾಗೇ. ಕೂಸು ಎಲೆ ಕಚ್ಚಿದರೆ ಬಾಯಿ ಉರಿಯುತ್ತದೆ. ತುಟಿ ಊದಬಹುದು. ಬಾಯಿ ಒರೆಸಿ, ನೀರು ಕುಡಿಸಿ. ಊತ ಹೆಚ್ಚಾದರೆ, ಉಸಿರಾಟ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಬೆಗಾಲಿಡುವ ಕೂಸು ಇದ್ದರೆ ಬಳ್ಳಿಯನ್ನು ಎತ್ತರದಲ್ಲಿ ತೂಗುಹಾಕಿ. ಆಡು, ಕರುವಿನ ಬಾಯಿಗೂ ಸಿಗದಿರಲಿ.