ಹೊಸ ಮನೆ: ಮೊದಲು ಬಚ್ಚಲು, ಆಮೇಲೆ ಹಾಲ್

ಸಿಂಧನೂರಿನಲ್ಲಿ ನಮ್ಮ ಮನೆ ಕಟ್ಟಿಸುವಾಗ ಬಚ್ಚಲಿಗೆ ಹೊಳೆಯುವ ಬಿಳಿ ಟೈಲ್ಸ್ ಆರಿಸಿದವನು ನಾನೇ. ಗೌಂಡಿ ಆಗಲೇ ಎಚ್ಚರಿಸಿದ್ದ: "ಸಾಹೇಬ್ರ, ನೀರು ಬಿದ್ರ ಇದು ಜಾರತೈತ್ರಿ. ಒರಟಂದು ತಗೋರಿ." ಒರಟು ಟೈಲ್ಸಿನಲ್ಲಿ ಕೊಳೆ ಕೂರುತ್ತದೆ, ನೋಡಲೂ ಚೆನ್ನಾಗಿರುವುದಿಲ್ಲ ಎಂದು ನಾನು ಒಪ್ಪಲಿಲ್ಲ. ಹೊಸ ಮನೆಯ ದಾವತ್‌ಗೆ ಬಂದವರೆಲ್ಲ ಬಚ್ಚಲನ್ನೂ ನೋಡಿ ಹೊಗಳಿದರು.

ಎರಡನೆಯ ಚಳಿಗಾಲದಲ್ಲಿ ಫಜ್ರ್ ನಮಾಝ್‌ಗೆ ವುಝೂ ಮಾಡಲು ಹೋದ ಅಮ್ಮಿ, ಕಾಲು ತೊಳೆಯಲು ಒಂದು ಪಾದವನ್ನು ವಾಶ್ ಬೇಸಿನ್‌ಗೆ ಎತ್ತಿದಾಗ ಜಾರಿ ಬಿದ್ದರು. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಅವರು ಬಾಗಿಲಿಗೇ ಅಡ್ಡ ಬಿದ್ದಿದ್ದರಿಂದ ನಮಗೆ ಅದನ್ನು ತೆರೆಯಲೂ ಆಗಲಿಲ್ಲ. ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆ ಆಯಿತು. ಅಲ್‌ಹಮ್ದುಲಿಲ್ಲಾಹ್, ಈಗ ವಾಕರ್ ಹಿಡಿದು ನಡೆಯುತ್ತಾರೆ, ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುತ್ತಾರೆ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ದಿನವೂ ರೋಗಿಗಳಿಗೆ ಬುದ್ಧಿ ಹೇಳುವ ನಾನು ನನ್ನ ಮನೆಯಲ್ಲಿ ಮಾಡಿದ ತಪ್ಪು ಅದು.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಹೊಸ ಬಡಾವಣೆಗಳಲ್ಲಿ ನಮ್ಮ ಎಷ್ಟೋ ಕುಟುಂಬಗಳು ಈಗ ಮನೆ ಕಟ್ಟಿಸುತ್ತಿವೆ. ಜೀವಮಾನದ ಗಳಿಕೆ ಅದರಲ್ಲಿ ಹೋಗುತ್ತದೆ. ನಲ್ಲಿ, ಟೈಲ್ಸ್, ಬಣ್ಣ, ಕಮೋಡ್ ಆರಿಸುವ ದಿನ ಬಂದಾಗ ನಮ್ಮ ಕಣ್ಣು ಹೊಳಪಿನ ಮೇಲೆಯೇ ಇರುತ್ತದೆ. ಆ ದಿನ ಈ ಬರಹ ನಿಮಗೆ ನೆನಪಾಗಲಿ ಎಂದು ಬರೆಯುತ್ತಿದ್ದೇನೆ.

ಹಕೀಮರು ಹೇಳಿದ ಆರು ಸಂಗತಿಗಳು

ಯುನಾನಿ ವೈದ್ಯಶಾಸ್ತ್ರ ಆರೋಗ್ಯಕ್ಕೆ ಆರು ಅನಿವಾರ್ಯ ಸಂಗತಿಗಳನ್ನು ಎಣಿಸುತ್ತದೆ. ಇವಕ್ಕೆ ಅಸ್ಬಾಬೆ ಸಿತ್ತಾ ಝರೂರಿಯ್ಯಾ ಎಂದು ಹೆಸರು. ಉಸಿರಾಡುವ ಗಾಳಿ, ತಿನ್ನುವ ಅನ್ನ ಮತ್ತು ಕುಡಿಯುವ ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹ ಉಳಿಸಿಕೊಳ್ಳುವುದು ಮತ್ತು ಹೊರಹಾಕುವುದು. ಈ ಆರರ ಮೇಲೂ ಮನೆಯ ಪ್ರಭಾವವಿದೆ. ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ವಾಸಸ್ಥಳದ ಬಗ್ಗೆ ಬರೆದು, ಮನೆ ಆರಿಸುವವನು ಅಲ್ಲಿನ ಮಣ್ಣು, ನೀರು, ಗಾಳಿಯನ್ನು ತಿಳಿದುಕೊಳ್ಳಬೇಕೆಂದು ಸಲಹೆ ಕೊಟ್ಟಿದ್ದಾರೆ.

ಇದನ್ನು ಇಂದಿನ ಖರೀದಿಗೆ ಅನ್ವಯಿಸಲು ನಾನು ಎರಡು ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತೇನೆ. ಒಂದು, ಇದು ಮನೆಯವರ ನೀರಿಗೆ, ಉಸಿರಿಗೆ ಅಥವಾ ಪಾದಕ್ಕೆ ಸಂಬಂಧಿಸಿದ್ದೇ? ಎರಡು, ಮುಂದೆ ಇದನ್ನು ಬದಲಾಯಿಸಲು ನೆಲ ಅಥವಾ ಗೋಡೆ ಒಡೆಯಬೇಕೇ? ಎರಡರಲ್ಲಿ ಒಂದಕ್ಕೆ 'ಹೌದು' ಎಂದಾದರೂ ಅಲ್ಲಿ ಜಿಪುಣತನ ಬೇಡ. ಎರಡಕ್ಕೂ 'ಇಲ್ಲ' ಎಂದಾದರೆ ಅದು ಮುಂದಿನ ವರ್ಷ ಬಂದರೂ ನಡೆಯುತ್ತದೆ.

ನೀರು: ನಲ್ಲಿಗಿಂತ ಮೊದಲು ಪರೀಕ್ಷೆ

ನಮ್ಮ ಭಾಗದ ಬೋರ್‌ವೆಲ್ ನೀರಿನ ದೊಡ್ಡ ಸಮಸ್ಯೆ ಫ್ಲೋರೈಡ್. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ವರ್ಷಗಟ್ಟಲೆ ದೇಹ ಸೇರಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಬೀಳುತ್ತದೆ, ದೊಡ್ಡವರ ಬೆನ್ನು, ಕೀಲುಗಳು ಬಿಗಿಯುತ್ತವೆ. ಈ ನೋವಿಗೆ ಎಣ್ಣೆ ತಿಕ್ಕಿ, ಮಾತ್ರೆ ನುಂಗಿ ಕಾಲ ಕಳೆಯುವವರಿದ್ದಾರೆ. ನೀರು ಬದಲಾಗದೆ ಔಷಧಿ ಏನೂ ಮಾಡದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಯುವಿ ಯಂತ್ರ ಇವು ಯಾವುವೂ ಅದನ್ನು ತೆಗೆಯುವುದಿಲ್ಲ. ಆರ್‌ಒ ಯಂತ್ರ ಅಥವಾ ಆಕ್ಟಿವೇಟೆಡ್ ಅಲ್ಯುಮಿನಾ ಇರುವ ಫಿಲ್ಟರ್ ತೆಗೆಯುತ್ತದೆ. ಆದ್ದರಿಂದ ಯಂತ್ರ ಕೊಳ್ಳುವ ಮೊದಲು ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಹಟ್ಟಿ–ಮಸ್ಕಿ ಭಾಗ ಚಿನ್ನದ ಶಿಲೆಯ ಪಟ್ಟಿ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಖನಿಜವೂ ಇರುತ್ತದೆ. ಅಲ್ಲಿ ಬೋರ್ ಹಾಕಿಸುವವರು ಫ್ಲೋರೈಡ್ ಜೊತೆ ಆರ್ಸೆನಿಕ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ಮನೆಯ ಪೈಪ್ ಹಾಕುವಾಗಲೇ ಕುಡಿಯುವ ನೀರಿನ ಸಾಲು ಮತ್ತು ಬಳಕೆಯ ನೀರಿನ ಸಾಲನ್ನು ಬೇರೆ ಮಾಡಿಸಿ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಒಂದು ಬಕೆಟ್‌ಗೆ ಬಿಟ್ಟರೆ ನೆಲ ಒರೆಸಲು, ಸಂಡಾಸಿಗೆ ಹಾಕಲು ಬರುತ್ತದೆ.

ನಳದ ನೀರು ದಿನ ಬಿಟ್ಟು ದಿನ, ಕೆಲವೊಮ್ಮೆ ವಾರ ಬಿಟ್ಟು ಬರುವ ಊರುಗಳು ನಮ್ಮವು. ಕಾಲುವೆ ಬಂದ್ ಆದ ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಹಾಗಾಗಿ ಸಂಪ್ ಎಲ್ಲರಿಗೂ ಬೇಕು. ಆದರೆ ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ಶುದ್ಧ ನೀರಿನಲ್ಲೇ. ಮೊಟ್ಟೆ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ಸಂಪ್‌ಗೆ ಸಂದಿಲ್ಲದ ಮುಚ್ಚಳ, ಮಾಳಿಗೆಯ ಟ್ಯಾಂಕಿನ ಓವರ್‌ಫ್ಲೋ ಪೈಪಿಗೆ ಸಣ್ಣ ಕಣ್ಣಿನ ಜಾಲರಿ ಇರಲಿ. ಇವೆರಡೂ ಹಾಲ್‌ನ ಒಂದು ಅಲಂಕಾರದ ದೀಪಕ್ಕಿಂತ ಅಗ್ಗ.

ವುಝೂ ಮಾಡುವ ಜಾಗ

ದಿನಕ್ಕೆ ಐದು ಬಾರಿ ಒದ್ದೆಯಾಗುವ ಜಾಗವನ್ನು ನಾವು ಮನೆಯ ನಕ್ಷೆಯಲ್ಲಿ ಗುರುತಿಸುವುದೇ ಇಲ್ಲ. ವಾಶ್ ಬೇಸಿನ್‌ನಲ್ಲೇ ಆಗುತ್ತದೆ ಎಂದುಕೊಳ್ಳುತ್ತೇವೆ. ಮುಖ, ಕೈ ಆಗುತ್ತದೆ. ಕಾಲು ಮಾತ್ರ ವಯಸ್ಸಾದವರಿಗೆ ಆಗದು. ಮೂರು ಅಡಿ ಜಾಗ ಸಿಕ್ಕರೆ ಸಾಕು, ಸುಮಾರು ಒಂದೂಕಾಲು ಅಡಿ ಎತ್ತರದ ಕೂರುವ ಕಟ್ಟೆ, ಎದುರಿಗೆ ಕೈಗೆಟಕುವ ನಲ್ಲಿ, ಕೆಳಗೆ ನೀರು ಹರಿಯುವ ಇಳಿಜಾರು ಮಾಡಿಸಿ. ಅದು ಸಂಡಾಸಿನ ಹೊರಗಿದ್ದರೆ ಮತ್ತೂ ಒಳ್ಳೆಯದು.

ನೆಲಕ್ಕೆ ಹೊಳಪಿಲ್ಲದ, ಜಾರದ ಟೈಲ್ಸ್ ಇರಲಿ. ಅಂಗಡಿಯಲ್ಲಿ ಟೈಲ್ಸ್ ಮೇಲೆ ಸೋಪಿನ ನೀರು ಹಾಕಿಸಿ, ಚಪ್ಪಲಿ ಬಿಟ್ಟು ಪಾದ ಇಟ್ಟು ನೋಡಿ. ಅಂಗಡಿಯವರು ನಕ್ಕರೆ ನಗಲಿ. ನಮ್ಮ ಕಡೆ ಹಿಂದಿನಿಂದ ಬಳಸುವ ಪಾಲಿಶ್ ಮಾಡದ ಶಹಾಬಾದ್ ಕಲ್ಲು ಇಂದಿಗೂ ಒಳ್ಳೆಯ ಆಯ್ಕೆ. ಸ್ವಲ್ಪ ಒರಟು, ಬೇಸಿಗೆಯಲ್ಲಿ ತಂಪು, ಬೆಲೆಯೂ ಕೈಗೆಟಕುತ್ತದೆ. ಪಾಲಿಶ್ ಗ್ರಾನೈಟ್ ಅಡುಗೆ ಕಟ್ಟೆಗೆ ಚೆನ್ನ. ಮೆಟ್ಟಿಲಿಗೆ, ಬಚ್ಚಲಿಗೆ ಬೇಡ. ನೆಲದ ಇಳಿಜಾರು ಅಡಿಗೆ ಕಾಲು ಇಂಚಿನಷ್ಟಾದರೂ ಇದ್ದರೆ ನೀರು ನಿಲ್ಲುವುದಿಲ್ಲ. ಟೈಲ್ಸ್ ಕೂರಿಸಿದ ದಿನವೇ ಒಂದು ಕೊಡ ನೀರು ಸುರಿದು ಪರೀಕ್ಷಿಸಿ.

ನೀರಿನ ಮಿತವ್ಯಯವೂ ಇಲ್ಲೇ ಇದೆ. ಪ್ರವಾದಿಯವರು(ಸ) ಒಂದು ಮುದ್ದ್‌ನಷ್ಟು, ಅಂದರೆ ಒಂದು ಲೀಟರಿಗೆ ಮೀರದ ನೀರಿನಲ್ಲಿ ವುಝೂ ಮಾಡುತ್ತಿದ್ದರು. ನಿಮ್ಮ ನಲ್ಲಿಯನ್ನು ಪೂರ್ತಿ ತಿರುಗಿಸಿ, ವುಝೂ ಮುಗಿಯುವಷ್ಟು ಹೊತ್ತು ಬಕೆಟ್ ಇಟ್ಟು ಅಳೆದು ನೋಡಿ, ಬಕೆಟ್ ತುಂಬುವುದನ್ನು ಕಂಡು ನಾಚಿಕೆಯಾಗುತ್ತದೆ. ಏರೇಟರ್ ಇರುವ ನಲ್ಲಿ ಹಾಕಿಸಿದರೆ ನಿಮಿಷಕ್ಕೆ ಸುಮಾರು 3 ಲೀಟರ್ ಮಾತ್ರ ಬೀಳುತ್ತದೆ. ನಮ್ಮ ಗಡಸು ನೀರಿಗೆ ಅದರ ಜಾಲರಿಯಲ್ಲಿ ಸುಣ್ಣ ಕಟ್ಟುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ರಾತ್ರಿಯಿಡೀ ಸಿರ್ಕಾದಲ್ಲಿ ನೆನೆಸಿದರೆ ಮತ್ತೆ ಸರಿಹೋಗುತ್ತದೆ.

ಸಂಡಾಸು: ಮೊಣಕಾಲಿನ ಮಾತು ಕೇಳಿ

ಆರೋಗ್ಯವಂತರಿಗೆ ಕುಕ್ಕರುಗಾಲಲ್ಲಿ ಕೂರುವ ಸಂಡಾಸು ಹೊಟ್ಟೆ ಸಾಫ್ ಆಗಲು ಅನುಕೂಲ. ಆದರೆ ಮೊಣಕಾಲು ನೋವು ಇರುವವರು ಕೂರಲಾಗದೆ ಸಂಡಾಸಿಗೆ ಹೋಗುವುದನ್ನೇ ಮುಂದೂಡುತ್ತಾರೆ, ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಮಲಬದ್ಧತೆ, ಮೂಲವ್ಯಾಧಿ ಹಿಂದೆಯೇ ಬರುತ್ತವೆ. ಆರು ಅನಿವಾರ್ಯಗಳಲ್ಲಿ ಕೊನೆಯದು ಕೆಡುವುದು ಹೀಗೆ. ಎರಡು ಸಂಡಾಸು ಕಟ್ಟಿಸುವವರು ಒಂದು ಇಂಡಿಯನ್, ಒಂದು ಕಮೋಡ್ ಇಡಿ. ಒಂದೇ ಇದ್ದರೆ, ಮನೆಯಲ್ಲಿ ಹಿರಿಯರಿದ್ದರೆ, ಕಮೋಡ್ ಇಡಿ.

ಕೂರುವಾಗ ಮುಖವಾಗಲಿ ಬೆನ್ನಾಗಲಿ ಕಿಬ್ಲಾದತ್ತ ಆಗದಂತೆ ನೋಡಿಕೊಳ್ಳುತ್ತೇವೆ. ನಮ್ಮ ಊರುಗಳಿಂದ ಕಿಬ್ಲಾ ಪಶ್ಚಿಮದಿಂದ ಸ್ವಲ್ಪ ಉತ್ತರಕ್ಕೆ ವಾಲಿದೆ. ಆದ್ದರಿಂದ ಕಮೋಡ್ ಉತ್ತರ–ದಕ್ಷಿಣವಾಗಿ ಕೂರಬೇಕು. ಇದನ್ನು ಪೈಪ್ ಹೂಳುವ ಮೊದಲೇ ಗೌಂಡಿಗೆ ಹೇಳಿ. ಆಮೇಲೆ ಹೇಳಿದರೆ ನೆಲ ಒಡೆಯುವುದೇ ದಾರಿ.

ಕಮೋಡಿನ ಪಕ್ಕ, ವುಝೂ ಕಟ್ಟೆಯ ಪಕ್ಕ ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿ. ಟವೆಲ್ ನೇತುಹಾಕುವ ಸರಳು ಈ ಕೆಲಸಕ್ಕೆ ಬಾರದು, ಭಾರ ಬಿದ್ದರೆ ಕಿತ್ತು ಬರುತ್ತದೆ. ಬಾಗಿಲು ಹೊರಕ್ಕೆ ತೆರೆಯಲಿ. ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದಾಗಿರಲಿ. ಇದನ್ನು ಬರೆಯುವಾಗ ಆ ಬೆಳಗಿನ ಜಾವ ಬಾಗಿಲಿನಾಚೆ ಕೇಳಿದ ಅಮ್ಮಿಯ ದನಿ ನನಗೆ ನೆನಪಾಗುತ್ತದೆ.

ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿಯಿಂದ ಬೋರ್‌ವೆಲ್ 50 ಅಡಿಯಾದರೂ ದೂರವಿರಬೇಕು. 30×40ರ ನಿವೇಶನದಲ್ಲಿ ಮೂಲೆಯಿಂದ ಮೂಲೆಗೆ ಅಳೆದರೂ ಸರಿಯಾಗಿ 50 ಅಡಿ. ಪಕ್ಕದ ಮನೆಯ ಗುಂಡಿಯೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಬಡಾವಣೆಯ ಬೋರ್ ನೀರನ್ನು ಹಾಗೇ ಕುಡಿಯಬೇಡಿ.

ಗಾಳಿ, ಬಣ್ಣ, ಕರೆಂಟು

ಅಡುಗೆ ಮನೆಗೆ ಎದುರುಬದುರು ಗಾಳಿ ಇಲ್ಲದಿದ್ದರೆ ಎಗ್ಝಾಸ್ಟ್ ಫ್ಯಾನ್ ಬೇಕೇಬೇಕು. ಒಗ್ಗರಣೆಯ ಹೊಗೆಯನ್ನು ದಿನವೂ ಉಸಿರಾಡುವವರು ನಮ್ಮ ಮನೆಯ ಹೆಣ್ಣುಮಕ್ಕಳು. ದಮ್ಮಿನ ರೋಗ, ಹಕೀಮರು ಝೀಕುನ್ನಫಸ್ ಎನ್ನುವುದು, ಇರುವವರಿಗೆ ಒದ್ದೆ ಗೋಡೆಯ ಬೂಷ್ಟು ವಿಷದಂತೆ. ಬಚ್ಚಲಿನ ಗೋಡೆ, ಮಾಳಿಗೆಗೆ ಟೈಲ್ಸ್‌ಗಿಂತ ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ. ಮಾಳಿಗೆಗೆ ಬಿಳಿ ಬಣ್ಣ ಬಳಿಸಿದರೆ ನಮ್ಮ ಬಿಸಿಲಿನಲ್ಲಿ ಕೋಣೆ ತಂಪಾಗಿ ನಿದ್ರೆ ಚೆನ್ನಾಗಿ ಬರುತ್ತದೆ. ಕಿಟಕಿಗೆ ಸೊಳ್ಳೆ ಜಾಲರಿ ಇದ್ದರೆ ರಾತ್ರಿ ಕಿಟಕಿ ತೆರೆದಿಡಬಹುದು.

ಬಣ್ಣದಲ್ಲಿರುವ ಸೀಸ ಮಕ್ಕಳ ಮೆದುಳಿಗೆ ಹಾನಿಕರ. 2017ರ ನವೆಂಬರ್‌ನಿಂದ ಭಾರತದಲ್ಲಿ ಮನೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮವಿದೆ. ಡಬ್ಬಿಯ ಮೇಲೆ ಅದನ್ನು ಓದಿ ಕೊಳ್ಳಿ, ಬಿಡಿಯಾಗಿ ಸಿಗುವ ಹೆಸರಿಲ್ಲದ ಬಣ್ಣ ಬೇಡ. ಬಣ್ಣದ ವಾಸನೆ ಹೋಗುವವರೆಗೆ ಬಾಣಂತಿ, ಕೂಸನ್ನು ಹೊಸ ಮನೆಗೆ ಕರೆತರಬೇಡಿ.

ಗೀಸರ್, ನೀರು ಕಾಯಿಸುವ ಕಾಯಿಲ್ ಬಳಸುವ ಮನೆಗೆ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಕಡ್ಡಾಯ ಎಂದುಕೊಳ್ಳಿ. ಕರೆಂಟ್ ಸೋರಿದ ಕ್ಷಣವೇ ಅದು ಲೈನ್ ಕತ್ತರಿಸುತ್ತದೆ. ಒದ್ದೆ ಕೈಯ ಮನುಷ್ಯನ ಜೀವ ಉಳಿಸುವ ಸಾಧನ ಇದು.

ಎಲ್ಲಿ ಉಳಿಸಬಹುದು?

ಫಾಲ್ಸ್ ಸೀಲಿಂಗ್, ಟಿವಿ ಗೋಡೆಯ ಅಲಂಕಾರ, ದುಬಾರಿ ಶವರ್, ಬಣ್ಣಬಣ್ಣದ ದೀಪ, ಮುಂಬಾಗಿಲ ಕೆತ್ತನೆ, ಇವೆಲ್ಲ ಮುಂದೆಯೂ ಬರುತ್ತವೆ. ಇವಕ್ಕಾಗಿ ಸಾಲ ಮಾಡಿ, ನಿದ್ರೆ ಕೆಟ್ಟು, ರಕ್ತದೊತ್ತಡ ಏರಿಸಿಕೊಂಡು ನನ್ನ ಬಳಿ ಬರುವವರಿದ್ದಾರೆ. ಮನಸ್ಸಿನ ನೆಮ್ಮದಿಯೂ ಆ ಆರರಲ್ಲಿ ಒಂದು ಎಂಬುದನ್ನು ಮರೆಯಬೇಡಿ.

ಗೌಂಡಿಯನ್ನು ಕೇಳಲೇಬೇಕಾದವು ಇಷ್ಟು:

1. ನೀರಿನ ಪರೀಕ್ಷೆ ಆಗಿದೆಯೇ? ಕುಡಿಯುವ ನೀರಿನ ಪೈಪ್ ಬೇರೆಯೇ?
2. ಬಚ್ಚಲಿನ ನೆಲ ಒದ್ದೆಯಾದಾಗ ಜಾರುತ್ತದೆಯೇ? ನೀರು ನಿಲ್ಲುತ್ತದೆಯೇ?
3. ಕುಳಿತು ವುಝೂ ಮಾಡಲು ಜಾಗವಿದೆಯೇ?
4. ಹಿಡಿಕೆ ಎಲ್ಲಿ? ಬಾಗಿಲು ಯಾವ ಕಡೆ ತೆರೆಯುತ್ತದೆ?
5. ಸಂಪ್, ಟ್ಯಾಂಕಿನಲ್ಲಿ ಸೊಳ್ಳೆ ಹೋಗುವ ಸಂದು ಇದೆಯೇ?
6. ಅರ್ಥಿಂಗ್, ಆರ್‌ಸಿಸಿಬಿ ಹಾಕಿದ್ದೀರಾ?

ಅಮ್ಮಿ ಆಸ್ಪತ್ರೆಯಿಂದ ಬರುವ ಮೊದಲು ಅದೇ ಗೌಂಡಿಯನ್ನು ಕರೆಸಿ ಬಚ್ಚಲಿನ ನೆಲ ಒಡೆಸಿದೆ. ಒರಟು ಟೈಲ್ಸ್, ಕೂರುವ ಕಟ್ಟೆ, ಎರಡು ಹಿಡಿಕೆ, ಹೊರಕ್ಕೆ ತೆರೆಯುವ ಬಾಗಿಲು ಎಲ್ಲವೂ ಬಂದವು. "ಆಗ್ಲೇ ಹೇಳಿದ್ನಲ್ರಿ" ಎಂದು ಆತ ಅನ್ನಲಿಲ್ಲ, ಅದು ಅವನ ದೊಡ್ಡತನ. ಮೊದಲೇ ಕೇಳಿದ್ದರೆ ಈ ಖರ್ಚೂ ಇರುತ್ತಿರಲಿಲ್ಲ, ಅಮ್ಮಿಯ ನೋವೂ ಇರುತ್ತಿರಲಿಲ್ಲ.

ನೀವು ಟೈಲ್ಸ್ ಅಂಗಡಿಗೆ ಹೋಗುವಾಗ ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮೊದಲು ಅವರ ಪಾದ ಇಡಿಸಿ ನೋಡಿ, ಆಮೇಲೆ ಬಣ್ಣ ಆರಿಸಿ.